ಮಲಗಿದ ಬೀಜವನ್ನು ಎಬ್ಬಿಸುವ ಬಗೆ: ಮರದ ಬೀಜಗಳ ಶೇಖರಣೆ ಮತ್ತು ಬಿತ್ತನೆಗೆ ಮುಂಚಿನ ಉಪಚಾರ

ಬೇವು, ಕಕ್ಕೆ, ತೇಗ ಮೂರನ್ನೂ ಒಂದೇ ದಿನ ಒಂದೇ ಮಡಿಗೆ ಬಿತ್ತಿ, ನೀರು ಕೊಡಿ. ತಾಜಾ ಬೇವು ಎರಡು ಮೂರು ವಾರದಲ್ಲಿ ಒಟ್ಟಾಗಿ ಮೇಲೇಳುತ್ತದೆ. ಕಕ್ಕೆ ಅಲ್ಲೊಂದು ಇಲ್ಲೊಂದು ತಲೆ ಎತ್ತಿ ಸುಮ್ಮನಾಗುತ್ತದೆ. ತೇಗ ಒಂದಿಷ್ಟು ಈಗ, ಉಳಿದದ್ದು ಮುಂದಿನ ಮುಂಗಾರಿಗೆ. ಇನ್ನು ಇದೇ ಮೂರನ್ನು ಆರು ತಿಂಗಳು ಡಬ್ಬಿಯಲ್ಲಿಟ್ಟು ಬಿತ್ತಿದರೆ ಲೆಕ್ಕ ತಲೆಕೆಳಗು: ಬೇವು ಒಂದೂ ಬರುವುದಿಲ್ಲ, ಕಕ್ಕೆ ಇದ್ದ ಹಾಗೇ ಇರುತ್ತದೆ, ತೇಗ ಮೊದಲಿಗಿಂತ ಚೆನ್ನಾಗಿ ಮೊಳೆಯುತ್ತದೆ.

ಆದ್ದರಿಂದ "ಬೀಜವನ್ನು ಎಷ್ಟು ಹೊತ್ತು ನೆನೆಸಬೇಕು" ಎಂಬುದು ಮೊದಲ ಪ್ರಶ್ನೆಯಲ್ಲ. ಬೀಜ ಯಾಕೆ ಮಲಗಿದೆ ಎಂಬುದು ಮೊದಲ ಪ್ರಶ್ನೆ. ಕಕ್ಕೆಯನ್ನು ಎಬ್ಬಿಸುವ ಕುದಿನೀರು ಶ್ರೀಗಂಧವನ್ನು ಬೇಯಿಸಿಬಿಡುತ್ತದೆ.

ಮೊದಲು ಗುರುತು ಹಿಡಿಯಿರಿ

ನಮ್ಮ ಮರಗಳ ಬೀಜಗಳನ್ನು ನರ್ಸರಿ ಕೆಲಸಕ್ಕೆ ಬೇಕಾದಷ್ಟರ ಮಟ್ಟಿಗೆ ನಾಲ್ಕು ಗುಂಪು ಮಾಡಿಕೊಳ್ಳಬಹುದು.

ಮಲಗುವುದೇ ಇಲ್ಲದವು: ಹಲಸು, ನೇರಳೆ, ಹಿಪ್ಪೆ, ಮುರುಗಲು, ಧೂಪ, ಮಾವು. ಇವು ಒಣಗಿದರೆ ಸತ್ತವು. ಬೇವು ಈ ಗುಂಪಿಗೂ ಒಣಬೀಜಗಳಿಗೂ ನಡುವೆ ನಿಲ್ಲುತ್ತದೆ. ಆದರೆ ಮನೆಯ ಮಟ್ಟದಲ್ಲಿ ಅದನ್ನೂ ಇಲ್ಲಿಗೇ ಸೇರಿಸುವುದು ಕ್ಷೇಮ.

ಸಿಪ್ಪೆ ನೀರು ಬಿಡದವು: ಕರಿಜಾಲಿ, ಬಾಗೆ, ಕಕ್ಕೆ, ಸುಬಾಬುಲ್, ಸೀಗೆ. ಹೆಚ್ಚಿನವು ಕೋಡು ಬಿಡುವ ಜಾತಿಯವು. ಹೊರಸಿಪ್ಪೆಯಲ್ಲಿ ಕಂಬಗಳಂತೆ ಒತ್ತಾಗಿ ನಿಂತ ಜೀವಕೋಶಗಳ ಪದರವೊಂದಿದೆ, ನೀರು ಅದನ್ನು ದಾಟುವುದಿಲ್ಲ. ಒಳಗಿನ ಭ್ರೂಣ ಎದ್ದು ಕೂತಿದ್ದರೂ ಬಾಗಿಲು ಹಾಕಿದೆ. ಪರೀಕ್ಷೆ ಸುಲಭ: ಇಪ್ಪತ್ತು ಬೀಜ ತಣ್ಣೀರಿನಲ್ಲಿ ಒಂದು ರಾತ್ರಿ ಹಾಕಿ. ಬೆಳಿಗ್ಗೆ ಒಂದೂ ಊದದಿದ್ದರೆ ಈ ಗುಂಪು.

ಗಟ್ಟಿ ಓಟೆಯೊಳಗೆ ಕೂತವು: ತೇಗ, ಅಳಲೆ, ತಾರೆ, ಹೆಬ್ಬೇವು, ನೆಲ್ಲಿ. ಇಲ್ಲಿ ನೀರು ಒಳಗೆ ಹೋಗಬಹುದು, ಮೊಳಕೆಗೆ ಹೊರಬರಲು ದಾರಿಯಿಲ್ಲ. ತೇಗದಂಥ ಕಾಯಿಗಳಲ್ಲಿ ಮೊಳಕೆ ತಡೆಯುವ ರಾಸಾಯನಿಕಗಳೂ ಸಿಪ್ಪೆಯಲ್ಲಿರುತ್ತವೆ.

ಒಳಗೇ ನಿದ್ದೆ ಇರುವವು: ಶ್ರೀಗಂಧ ಮುಖ್ಯವಾದದ್ದು. ಸಿಪ್ಪೆ ತೆಗೆದರೂ ಭ್ರೂಣಕ್ಕೆ ಸಮಯ ಬೇಕು, ಇಲ್ಲವೇ ಹಾರ್ಮೋನಿನ ಸನ್ನೆ ಬೇಕು.

ಹೊಂಗೆ, ಹುಣಸೆ, ಬೀಟೆ, ಶಿವನೆ ಇವು ಹೆಚ್ಚು ಕಾಡುವುದಿಲ್ಲ. 24 ಗಂಟೆ ತಣ್ಣೀರಿನಲ್ಲಿ ನೆನೆಸಿದರೆ ಸಾಕು. ಶಿವನೆಗೆ 48 ಗಂಟೆ ಕೊಟ್ಟರೂ ತೊಂದರೆಯಿಲ್ಲ, ದಿನಕ್ಕೊಮ್ಮೆ ನೀರು ಬದಲಿಸಬೇಕು.

ಇಲ್ಲೊಂದು ಮಾತು. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ಮೂರು ತಿಂಗಳು ಫ್ರಿಜ್‌ನಲ್ಲಿಡುವ ವಿಡಿಯೊಗಳು ಬೇಕಾದಷ್ಟಿವೆ. ಅದು ಸೇಬು ಮತ್ತು ಚಳಿನಾಡಿನ ಮರಗಳ ಉಪಚಾರ. ಹಿಮ ಬೀಳುವ ಊರಿನಲ್ಲಿ ಚಳಿಗಾಲ ಕಳೆಯಿತೆಂದು ಬೀಜಕ್ಕೆ ತಿಳಿಯಬೇಕು. ನಮ್ಮ ಬಯಲುಸೀಮೆ, ಮಲೆನಾಡಿನ ಮರಗಳಿಗೆ ಅದರ ಹಂಗಿಲ್ಲ. ನೇರಳೆ, ಹಲಸಿನ ಬೀಜಕ್ಕೆ ಹಾಗೆ ಮಾಡಿದರೆ ಚಳಿಗೇ ಸಾಯುತ್ತವೆ.

ಆಯುವಾಗಲೇ ಅರ್ಧ ಕೆಲಸ

ನೇರವಾಗಿ, ಆರೋಗ್ಯವಾಗಿ ಬೆಳೆದ, ನಡುವಯಸ್ಸಿನ ಮರಗಳಿಂದ ಆಯಿರಿ. ಒಂದೇ ಮರದ ಬೀಜ ಬೇಡ. ಕನಿಷ್ಠ ಹತ್ತು ಹದಿನೈದು ಮರ, ಒಂದಕ್ಕೊಂದು 50ರಿಂದ 100 ಮೀಟರ್ ದೂರದವು. ಒಂಟಿಯಾಗಿ ನಿಂತ ಮರದಲ್ಲಿ ಸ್ವಂತ ಪರಾಗದಿಂದಲೇ ಆದ ಬೀಜ ಹೆಚ್ಚಿರುವ ಸಂಭವವಿದೆ, ಸಸಿಗಳು ಸೊರಗುತ್ತವೆ.

ಮೊದಲು ಉದುರಿದ ಕಾಯಿ ಬಹುಪಾಲು ಹುಳ ಬಿದ್ದದ್ದು ಅಥವಾ ಜೊಳ್ಳು. ಕೆಳಗೆ ಬಟ್ಟೆ ಹಾಸಿ ಕೊಂಬೆ ಅಲ್ಲಾಡಿಸಿ ಹೊಸದಾಗಿ ಬಿದ್ದದ್ದನ್ನು ತೆಗೆದುಕೊಳ್ಳಿ. ಬೇವನ್ನು ಹಸಿರು ಹೋಗಿ ಹಳದಿಗೆ ತಿರುಗುವಾಗ ಮರದಿಂದಲೇ ಕೀಳಬೇಕು. ಹುಣಸೆ, ಜಾಲಿ, ಬಾಗೆಯ ಕೋಡುಗಳಲ್ಲಿ ಗುಂಡಗಿನ ಸಣ್ಣ ತೂತು ಕಂಡರೆ ಬೀಜ ಕೊರೆಯುವ ದುಂಬಿ ಆಗಲೇ ಉಂಡು ಹೊರಟಿದೆ. ಆ ಚೀಲವನ್ನು ಒಳ್ಳೆಯ ಬೀಜದ ಪಕ್ಕ ಇಡಲೇಬೇಡಿ.

ತಿರುಳಿರುವ ಹಣ್ಣುಗಳನ್ನು (ಬೇವು, ಶ್ರೀಗಂಧ, ನೇರಳೆ, ಶಿವನೆ) ಅದೇ ದಿನ ಅಥವಾ ಮಾರನೇ ದಿನ ನೀರಿನಲ್ಲಿ ಕಿವುಚಿ ತಿರುಳು ಬಿಡಿಸಿ. ರಾಶಿ ಹಾಕಿ ಬಿಟ್ಟರೆ ಹುಳಿತು ಬಿಸಿಯಾಗುತ್ತದೆ. ರಾಶಿಯೊಳಗೆ ಕೈ ಹಾಕಿದಾಗ ಬೆಚ್ಚಗೆ ತಾಗಿದರೆ ಬೀಜ ಬೇಯುತ್ತಿದೆ ಎಂದೇ ಅರ್ಥ.

ಬೀಜ ಜೀವಂತವಿದೆಯೇ ಎಂದು ನೋಡಲು ನೀರಿನಲ್ಲಿ ತೇಲಿಸುವ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ. ಶ್ರೀಗಂಧ, ನೆಲ್ಲಿಗೆ ಅದು ಸರಿ. ತೇಗದ ಕಾಯಿಗೆ ನಡೆಯುವುದಿಲ್ಲ, ಅದರ ಬೆಂಡಿನಂಥ ಹೊದಿಕೆ ಒಳ್ಳೆಯ ಕಾಯಿಯನ್ನೂ ತೇಲಿಸುತ್ತದೆ. ಅದಕ್ಕಿಂತ ನಂಬಬಹುದಾದದ್ದು ಕೊಯ್ದು ನೋಡುವುದು: ರಾಶಿಯ ಬೇರೆ ಬೇರೆ ಕಡೆಯಿಂದ 50 ಬೀಜ ತೆಗೆದು ಸೀಳಿ. ತುಂಬಿದ, ಗಟ್ಟಿಯಾದ, ತನ್ನ ಸಹಜ ಬಣ್ಣದ ಬೇಳೆ ಇದ್ದರೆ ಲೆಕ್ಕಕ್ಕೆ, ಸುಕ್ಕಾಗಿದ್ದರೆ, ಕಂದಾಗಿದ್ದರೆ ಬಿಡಿ. ಬೇವಿನಲ್ಲಿ ಒಳಗಿನ ಬೇಳೆ ಹಸಿರಿದ್ದರೆ ಜೀವವಿದೆ, ಹಳದಿ ಅಥವಾ ಕಂದಿದ್ದರೆ ಮುಗಿಯಿತು.

ಒಣಗಿಸುವುದು, ಇಡುವುದು

ಒಣಬೀಜದ ಆಯುಷ್ಯಕ್ಕೆ ಬೀಜಶಾಸ್ತ್ರದಲ್ಲಿ ಹ್ಯಾರಿಂಗ್ಟನ್ ಸೂತ್ರ ಎಂಬ ಅಂದಾಜು ಲೆಕ್ಕವಿದೆ. ಬೀಜದ ತೇವಾಂಶ ಶೇ 5ರಿಂದ 14ರ ನಡುವೆ ಇರುವಾಗ, ಶೇ 1ರಷ್ಟು ತೇವ ಇಳಿಸಿದರೆ ಆಯುಷ್ಯ ಇಮ್ಮಡಿ. ಇಟ್ಟ ಜಾಗದ ಉಷ್ಣತೆ ಸುಮಾರು 5 ಡಿಗ್ರಿ ಇಳಿದರೆ ಮತ್ತೆ ಇಮ್ಮಡಿ. ಫ್ರಿಜ್ ಇಲ್ಲದವರಿಗೂ ಇದರಲ್ಲಿ ಒಳ್ಳೆಯ ಸುದ್ದಿಯಿದೆ: ಚೆನ್ನಾಗಿ ಒಣಗಿಸಿದ್ದು ಅರ್ಧ ಫ್ರಿಜ್ ಇದ್ದಂತೆ.

ಮೊದಲ ಎರಡು ಮೂರು ದಿನ ಗಾಳಿಯಾಡುವ ನೆರಳಿನಲ್ಲಿ, ತೆಳುವಾಗಿ ಹರಡಿ. ಆಮೇಲೆ ಗಟ್ಟಿ ಸಿಪ್ಪೆಯ ಜಾತಿಗಳಿಗೆ ಬೆಳಗಿನ ಬಿಸಿಲು ಕೊಡಬಹುದು. ಮಧ್ಯಾಹ್ನದ ಸಿಮೆಂಟ್ ಕಣ ಬೇಡ, ಏಪ್ರಿಲ್ ಬಿಸಿಲಿಗೆ ಅದು 50 ಡಿಗ್ರಿ ದಾಟುತ್ತದೆ. ಬಟ್ಟೆ ಅಥವಾ ಚಾಪೆಯ ಮೇಲೆ ಹಾಕಿ, ದಿನಕ್ಕೆ ನಾಲ್ಕು ಸಲ ಕೈಯಾಡಿಸಿ.

ಎಷ್ಟು ಒಣಗಿದೆ ಎಂದು ತಿಳಿಯುವುದು ತೂಕದಿಂದ. ಉದಾಹರಣೆಗೆ 1 ಕೆ.ಜಿ. ಬೀಜದಲ್ಲಿ ಶೇ 12 ತೇವವಿದೆ, ಅದನ್ನು ಶೇ 7ಕ್ಕೆ ಇಳಿಸಬೇಕು ಎನ್ನಿ. ಒಣ ಪದಾರ್ಥ 880 ಗ್ರಾಂ. ಅದನ್ನು 0.93ರಿಂದ ಭಾಗಿಸಿದರೆ 946 ಗ್ರಾಂ. ತಕ್ಕಡಿ 946 ತೋರಿಸಿದಾಗ ನಿಲ್ಲಿಸಿ. ಆರಂಭದ ತೇವ ತಿಳಿಯಲು ಒಲೆಯಂಥ ಉಪಕರಣ ಬೇಕು (103 ಡಿಗ್ರಿಯಲ್ಲಿ 17 ಗಂಟೆ ಒಣಗಿಸಿ ತೂಕ ನೋಡುವುದು ಪ್ರಯೋಗಾಲಯದ ಕ್ರಮ). ಅದು ಇಲ್ಲದಿದ್ದರೆ ಉಪ್ಪಿನ ಪರೀಕ್ಷೆ: ಒಣಗಿದ ಗಾಜಿನ ಬಾಟಲಿಯಲ್ಲಿ ಕಾಲು ಭಾಗ ಬೀಜ, ಒಂದೆರಡು ಚಮಚ ಹುರಿದು ಆರಿಸಿದ ಪುಡಿ ಉಪ್ಪು ಹಾಕಿ, ಮುಚ್ಚಿ ಕುಲುಕಿ, ಹತ್ತು ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಬೀಜ ಇನ್ನೂ ಹಸಿ, ತೇವ ಶೇ 15ರ ಮೇಲಿದೆ. ಅಂಟದಿದ್ದರೆ ಅದಕ್ಕಿಂತ ಕೆಳಗಿದೆ ಎಂದಷ್ಟೇ ಅರ್ಥ, ಪೂರ್ತಿ ಒಣಗಿದೆ ಎಂದಲ್ಲ. ಅಲ್ಲಿಂದ ಮುಂದಕ್ಕೆ ತೇವ ಹೀರುವ ಹರಳು, ಸಿಲಿಕಾ ಜೆಲ್ ಬೇಕು. ಬೀಜದಷ್ಟೇ ತೂಕದ ನೀಲಿ ಜೆಲ್ಲನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಬೀಜದ ಜೊತೆ ಬಿಗಿ ಡಬ್ಬಿಯಲ್ಲಿ ಒಂದು ವಾರ ಇಡಿ. ಗುಲಾಬಿ ಬಣ್ಣಕ್ಕೆ ತಿರುಗಿದರೆ ತೆಗೆದು ಬಿಸಿಮಾಡಿ ನೀಲಿಯಾದ ಮೇಲೆ ಮತ್ತೆ ಹಾಕಿ. ಚೆನ್ನಾಗಿ ಹುರಿದು ಆರಿಸಿದ ಅಕ್ಕಿಯೂ ತಕ್ಕಮಟ್ಟಿಗೆ ಈ ಕೆಲಸ ಮಾಡುತ್ತದೆ.

ಇಡುವುದಕ್ಕೆ ರಬ್ಬರ್ ಬಳೆಯ ಮುಚ್ಚಳವಿರುವ ಗಾಜಿನ ಭರಣಿ ಅಥವಾ ದಪ್ಪ ಪ್ಲಾಸ್ಟಿಕ್ ಡಬ್ಬಿ. ಬಾಯಿಮಟ್ಟ ತುಂಬಿಸಿ, ಒಳಗೆ ಗಾಳಿ ಕಡಿಮೆಯಿರಲಿ. ಬಟ್ಟೆ ಚೀಲದಲ್ಲಿ ಅಟ್ಟಕ್ಕೆ ಕಟ್ಟುವುದು ಬೇಸಿಗೆಗೆ ಮಾತ್ರ ಸರಿ. ಆಷಾಢದ ಮಲೆನಾಡಿನಲ್ಲಿ ನೀವು ತಿಂಗಳುಗಟ್ಟಲೆ ಒಣಗಿಸಿದ್ದನ್ನು ಗಾಳಿ ಒಂದೆರಡು ವಾರದಲ್ಲಿ ಮತ್ತೆ ತೋಯಿಸುತ್ತದೆ. ಅರ್ಧಂಬರ್ಧ ಒಣಗಿದ್ದನ್ನು ಬಿಗಿಯಾಗಿ ಮುಚ್ಚುವುದು ಇನ್ನೂ ಕೆಟ್ಟದ್ದು, ಬೂಷ್ಟು ಬಂದು ಡಬ್ಬಿಯೆಲ್ಲ ಹೋಗುತ್ತದೆ.

ಫ್ರಿಜ್‌ನ ಕೆಳಗಿನ ಅರೆ, 4ರಿಂದ 5 ಡಿಗ್ರಿ, ಸಾಕು. ಹೊರತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ. ತಣ್ಣಗಿನ ಬೀಜದ ಮೇಲೆ ಹೊರಗಿನ ಆವಿ ನೀರಾಗಿ ಕೂರುತ್ತದೆ. ಡಬ್ಬಿ ಕೋಣೆಯ ಬಿಸಿಗೆ ಬರುವವರೆಗೆ ಕಾಯಿರಿ. ಜಾತಿಯ ಹೆಸರು, ಊರು, ಆಯ್ದ ತಿಂಗಳು, ಒಣಗಿದ ತೂಕ ಬರೆದ ಚೀಟಿ ಒಂದು ಡಬ್ಬಿಯ ಒಳಗೆ, ಒಂದು ಹೊರಗೆ.

ಮೊದಲ ಗುಂಪಿಗೆ ಈ ಯಾವುದೂ ಅನ್ವಯಿಸುವುದಿಲ್ಲ. ಹಲಸು, ನೇರಳೆಯನ್ನು ತೊಳೆದು, ಮೇಲಿನ ನೀರು ಆರಿಸಿ, ಒದ್ದೆ ತೆಂಗಿನ ನಾರಿನ ಪುಡಿಯೊಂದಿಗೆ ತೂತುಳ್ಳ ಚೀಲದಲ್ಲಿ ತಂಪು ಜಾಗದಲ್ಲಿಡಿ. ನಾರು ಹಿಂಡಿದರೆ ನೀರು ತೊಟ್ಟಿಕ್ಕಬಾರದು. ನೇರಳೆಯನ್ನು ಹತ್ತು ಹದಿನೈದು ದಿನದೊಳಗೆ, ಹಲಸನ್ನು ಒಂದು ತಿಂಗಳೊಳಗೆ ಬಿತ್ತಿ. ಬೇವನ್ನು ನೆರಳಿನಲ್ಲಿ ಎರಡು ಮೂರು ದಿನ ಆರಿಸಿ ಎರಡು ವಾರದೊಳಗೆ ಮಡಿಗೆ ಹಾಕಿ. ಹೊಂಗೆ ಎಣ್ಣೆ ಬೀಜ, ಒಂದು ವರ್ಷದ ಮೇಲೆ ಇಟ್ಟುಕೊಳ್ಳುವುದು ವ್ಯರ್ಥ. ಕಕ್ಕೆ, ಕರಿಜಾಲಿ, ಬಾಗೆ ಮಾತ್ರ ವರ್ಷಗಟ್ಟಲೆ ಕೂತಿರುತ್ತವೆ. ನೀರು ಬಿಡದ ಅದೇ ಸಿಪ್ಪೆ ಅವುಗಳ ಕಾವಲುಗಾರ.

ಗಟ್ಟಿ ಸಿಪ್ಪೆಗೆ ಬಿಸಿನೀರು

ಹೆಚ್ಚು ಜನ ಮಾಡುವ ಉಪಚಾರ ಇದೇ, ಹೆಚ್ಚು ಬೀಜ ಸಾಯುವುದೂ ಇಲ್ಲೇ. ತಪ್ಪು ಒಂದೇ: ಬೀಜವನ್ನು ಒಲೆಯ ಮೇಲಿರುವ ಪಾತ್ರೆಗೆ ಹಾಕಿ ಕುದಿಸುವುದು.

1. ಬೀಜ ಒಂದು ಲೋಟವಿದ್ದರೆ ನೀರು ಹತ್ತು ಲೋಟ. ನೀರು ಕಡಿಮೆಯಾದರೆ ಬಿಸಿ ಬೇಗ ಇಳಿದು ಉಪಚಾರ ತಾಗುವುದಿಲ್ಲ.

2. ನೀರು ಕುದಿ ಬಂದ ಮೇಲೆ ಒಲೆಯಿಂದ ಇಳಿಸಿ. ಕುದಿ ನಿಂತ ನಂತರ ಬೀಜ ಸುರಿದು ಒಮ್ಮೆ ಕೈಯಾಡಿಸಿ.

3. ಅದೇ ನೀರಿನಲ್ಲಿ ತಾನಾಗಿ ಆರಲಿ. ಒಟ್ಟು 24 ಗಂಟೆ.

4. ಊದಿ ಎರಡು ಪಟ್ಟು ಆದವನ್ನು ಜರಡಿಯಿಂದ ಬೇರೆ ಮಾಡಿ ಅಂದೇ ಬಿತ್ತಿ. ಊದದೆ ಉಳಿದವಕ್ಕೆ ಇನ್ನೊಂದು ಸುತ್ತು.

ಕರಿಜಾಲಿ, ಬಾಗೆ, ಕಕ್ಕೆಗೆ ಇದು ಸರಿ. ಸುಬಾಬುಲ್‌ನ ಸಿಪ್ಪೆ ತೆಳು, ಅದಕ್ಕೆ 80 ಡಿಗ್ರಿ ನೀರಿನಲ್ಲಿ ಮೂರು ನಾಲ್ಕು ನಿಮಿಷ, ಕೂಡಲೇ ಬಸಿದು ತಣ್ಣೀರಿಗೆ. ಉಷ್ಣಮಾಪಕ ಇಲ್ಲದಿದ್ದರೆ ಮೂರು ಪಾಲು ಕುದಿನೀರಿಗೆ ಒಂದು ಪಾಲು ಕೊಡದಲ್ಲಿಟ್ಟ ತಣ್ಣೀರು ಬೆರೆಸಿ, 80ರ ಆಸುಪಾಸಿಗೆ ಬರುತ್ತದೆ. ಮಡಿಕೇರಿಯಂಥ ಎತ್ತರದ ಊರಿನಲ್ಲಿ ನೀರು 100ಕ್ಕಿಂತ ಮೂರು ನಾಲ್ಕು ಡಿಗ್ರಿ ಮೊದಲೇ ಕುದಿಯುತ್ತದೆ, ಅಲ್ಲಿ ತಣ್ಣೀರಿನ ಪಾಲು ಸ್ವಲ್ಪ ಕಡಿಮೆಯಿರಲಿ.

ಹಳೆಯ ಬೀಜ ಮತ್ತು ಹೊಸ ಬೀಜ ಒಂದೇ ರೀತಿ ತಡೆಯುವುದಿಲ್ಲ. ಪ್ರತಿ ಚೀಲದಿಂದ 50 ಬೀಜದಂತೆ ಎರಡು ಪಾಲು ತೆಗೆದು, ಒಂದಕ್ಕೆ ಉಪಚಾರ ಮಾಡಿ, ಇನ್ನೊಂದನ್ನು ಹಾಗೆಯೇ ಒದ್ದೆ ಮರಳಿಗೆ ಹಾಕಿ ಹೋಲಿಸಿ. ಉಪಚಾರವಾದದ್ದು ಊದಿ, ಮೆತ್ತಗಾಗಿ, ಒತ್ತಿದರೆ ಲೋಳೆ ಬಂದರೆ ಬೆಂದುಹೋಗಿದೆ.

ಬೀಜ ನೂರಿನ್ನೂರು ಮಾತ್ರ ಇದ್ದರೆ ನೀರಿಗಿಂತ ಉಗುರುಕತ್ತರಿ ಮೇಲು. ಕೋಡಿಗೆ ಬೀಜ ಅಂಟಿಕೊಂಡಿದ್ದ ಕಣ್ಣು ಎಲ್ಲಿದೆ ನೋಡಿ, ಭ್ರೂಣದ ಬೇರು ಅದರ ಹತ್ತಿರವೇ ಇರುತ್ತದೆ. ಅದಕ್ಕೆ ಎದುರು ಬದಿಯಲ್ಲಿ ಒಂದು ಮಿಲಿಮೀಟರಿನಷ್ಟು ಸಿಪ್ಪೆ ಕತ್ತರಿಸಿ, ಒಳಗಿನ ಬಿಳಿ ಕಂಡರೆ ನಿಲ್ಲಿಸಿ. ಅಂಟುವಾಳದಂಥ ದಪ್ಪ ಬೀಜವನ್ನು ಉಪ್ಪುಕಾಗದ ಅಥವಾ ಒರಟು ಕಲ್ಲಿಗೆ ಉಜ್ಜಿ, ಎರಡು ದಿನ ನೆನೆಸಬಹುದು.

ಗಂಧಕಾಮ್ಲದ ವಿಧಾನ ನರ್ಸರಿ ಪುಸ್ತಕಗಳಲ್ಲೆಲ್ಲ ಇದೆ: ಒಣ ಬೀಜವನ್ನು ಗಾಜಿನ ಪಾತ್ರೆಯಲ್ಲಿ ಸಾಂದ್ರ ಆಮ್ಲದಲ್ಲಿ 10ರಿಂದ 30 ನಿಮಿಷ ಇಟ್ಟು, ಹರಿಯುವ ನೀರಿನಲ್ಲಿ ಹತ್ತು ನಿಮಿಷ ತೊಳೆಯುವುದು. ಒದ್ದೆ ಬೀಜಕ್ಕೆ ಆಮ್ಲ ತಾಗಿದರೆ ಬಿಸಿ ಸಿಡಿಯುತ್ತದೆ. ಆಮ್ಲಕ್ಕೆ ನೀರು ಸುರಿದರೆ ಮುಖಕ್ಕೆ ಚಿಮ್ಮುತ್ತದೆ. 2013ರ ಸುಪ್ರೀಂ ಕೋರ್ಟ್ ನಿರ್ದೇಶನದ ನಂತರ ಗುರುತಿನ ಚೀಟಿ, ಕಾರಣ ಕೊಡದೆ ಅಂಗಡಿಯಲ್ಲಿ ಆಸಿಡ್ ಸಿಗುವುದೂ ಇಲ್ಲ. ಮನೆಯ ನರ್ಸರಿಗೆ ಇದು ಬೇಡ. ಜಾಲಿಗಂತೂ ಆಡಿನ ದೊಡ್ಡಿಯೇ ಇದೆ. ಹಗಲು ಕೋಡು ಮೇಯ್ದ ಆಡುಗಳು ರಾತ್ರಿ ಮೆಲುಕು ಹಾಕುವಾಗ ಉಗಿದ ಬೀಜ ದೊಡ್ಡಿಯಲ್ಲಿ ಸಿಗುತ್ತದೆ. ಹೊಟ್ಟೆಯೊಳಗೆ ಸಿಪ್ಪೆ ಆಗಲೇ ಸಡಿಲವಾಗಿರುವುದರಿಂದ ಅದು ಚೆನ್ನಾಗಿ ಮೊಳೆಯುತ್ತದೆ. ಆಡು ಸಾಕಿದವರನ್ನು ಕೇಳಿದರೆ ಸಾಕು.

ತೇಗ: ತಾಳ್ಮೆಯ ಲೆಕ್ಕ

1840ರ ದಶಕದಲ್ಲಿ ಕೇರಳದ ನಿಲಂಬೂರಿನಲ್ಲಿ ಮೊದಲ ತೇಗದ ತೋಪು ಎಬ್ಬಿಸಹೊರಟಾಗ ಎದುರಾದ ದೊಡ್ಡ ತೊಡಕು ನೆಲವಲ್ಲ, ಮಳೆಯಲ್ಲ. ಬೀಜ ಮೊಳೆಯಲಿಲ್ಲ, ಅಷ್ಟೇ. ಆಗಿನ ಕಷ್ಟ ಈಗಲೂ ಹೋಗಿಲ್ಲ.

ನಾವು ಬೀಜ ಎನ್ನುವುದು ತೇಗದ ಇಡೀ ಕಾಯಿ. ಮೇಲೆ ಕಂಬಳಿಯಂಥ ಕಂದು ಹೊದಿಕೆ, ಒಳಗೆ ಕಲ್ಲಿನಂಥ ಓಟೆ, ಅದರಲ್ಲಿ ನಾಲ್ಕು ಕೋಣೆ. ನಾಲ್ಕರಲ್ಲೂ ಬೀಜ ಇರುವುದು ಅಪರೂಪ. ಒಂದೋ ಎರಡೋ ಇರುತ್ತದೆ, ಏನೂ ಇಲ್ಲದ ಕಾಯಿಯೂ ಬೇಕಾದಷ್ಟು. ಹೀಗಾಗಿ ನೂರು ಕಾಯಿಗೆ ಮೂವತ್ತು ನಲವತ್ತು ಸಸಿ ಬಂದರೆ ಬೀಜ ಕೆಟ್ಟದ್ದೆಂದು ಮಾರಿದವರನ್ನು ಬೈಯಬೇಡಿ. ಮೂವತ್ತರ ಲೆಕ್ಕ ಹಿಡಿದೇ ಕಾಯಿ ಕೊಳ್ಳಿ.

ಈ ವರ್ಷದ ಕಾಯಿಗಿಂತ ಒಂದು ವರ್ಷ ಇಟ್ಟ ಕಾಯಿ ಮೇಲು. ಗೋಣಿಚೀಲದಲ್ಲಿ ಒಣ ಜಾಗದಲ್ಲಿ ಇಟ್ಟರೆ ಸಾಕು. ಹೊದಿಕೆಯನ್ನು ತೆಗೆಯಲು ಕಾಯಿಯನ್ನು ಗೋಣಿಯಲ್ಲಿ ಹಾಕಿ ಒರಟು ನೆಲಕ್ಕೆ ಉಜ್ಜಬಹುದು. ಗೆದ್ದಲಿರುವ ನೆಲದ ಮೇಲೆ ತೆಳುವಾಗಿ ಹರಡಿ ಮೇಲೆ ಎಲೆ ಮುಚ್ಚಿ ಬಿಟ್ಟರೆ ಗೆದ್ದಲೇ ಹೊದಿಕೆ ತಿಂದು ಓಟೆ ಬಿಡುತ್ತದೆ. ಬೈಗುಳ ತಿನ್ನುವ ಜೀವಿಯಿಂದ ಇಂಥ ಉಪಕಾರ ಸಿಗುವುದು ಅಪರೂಪ.

ನಂತರದ್ದು ನೆನೆಸಿ ಒಣಗಿಸುವ ಕ್ರಮ. ಗೋಣಿಚೀಲವನ್ನು ಅರ್ಧ ಮಾತ್ರ ತುಂಬಿ, ಬಾಯಿ ಕಟ್ಟಿ, ಸಂಜೆ ಹರಿಯುವ ನೀರಿನಲ್ಲಿ ಮುಳುಗಿಸಿಡಿ. ಕಾಲುವೆ ಇಲ್ಲದಿದ್ದರೆ ತೊಟ್ಟಿ, ನೀರು ದಿನಾ ಬದಲಿಸಬೇಕು. ಬೆಳಿಗ್ಗೆ ತೆಗೆದು ಬಿಸಿಲಿಗೆ ಒಂದೇ ಪದರವಾಗಿ ಹರಡಿ. ಹನ್ನೆರಡು ಗಂಟೆ ನೀರು, ಹನ್ನೆರಡು ಗಂಟೆ ಒಣಗು, ಹೀಗೆ 10ರಿಂದ 14 ದಿನ. ನೆನೆದಾಗ ಹಿಗ್ಗಿ, ಒಣಗಿದಾಗ ಕುಗ್ಗಿ ಓಟೆಯ ಮುಚ್ಚಳಗಳು ಸಡಿಲವಾಗುತ್ತವೆ. ಹೊದಿಕೆಯಲ್ಲಿರುವ ಮೊಳಕೆ ತಡೆಯುವ ಅಂಶ ಕರಗಿ ಹೋಗುತ್ತದೆ. ನೀರು ಬದಲಿಸದಿದ್ದರೆ ಅದೇ ಕಷಾಯದಲ್ಲಿ ಕಾಯಿ ಮತ್ತೆ ನೆನೆಯುತ್ತದೆ. ಬಿಸಿಲಿಲ್ಲದ ಮೋಡದ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬಿತ್ತುವುದು ಏಪ್ರಿಲ್ ಕೊನೆ, ಮೇ. ಏರುಮಡಿಯಲ್ಲಿ 5 ಸೆಂ.ಮೀ.ಗೊಂದರಂತೆ ಕಾಯಿ ಊರಿ, ಒಂದೆರಡು ಸೆಂ.ಮೀ. ಮರಳು ಮಿಶ್ರಿತ ಮಣ್ಣು ಮುಚ್ಚಿ. ಮೇಲೆ ನೆರಳು ಬಲೆ ಕಟ್ಟಬೇಡಿ. ತೇಗಕ್ಕೆ ಮೊಳೆಯಲು ಕಾದ ಮಣ್ಣು ಬೇಕು. ಎಷ್ಟೋ ಕಡೆ ಉಪಚಾರವೆಲ್ಲ ಸರಿ ಮಾಡಿ ನೆರಳಿನಿಂದಲೇ ಕೆಡಿಸಿಕೊಳ್ಳುತ್ತಾರೆ.

ಉಳಿದ ಓಟೆಗಳು

ಅಳಲೆ, ತಾರೆಯ ತಿರುಳು ತೆಗೆದು, ಓಟೆಯ ಅಗಲ ತುದಿಯನ್ನು ಒಳಗಿನ ಬೀಜಕ್ಕೆ ತಾಗದಂತೆ ಕತ್ತರಿಸಿ, 36 ಗಂಟೆ ತಣ್ಣೀರಿನಲ್ಲಿಡಿ. ನೆಲ್ಲಿಯ ಓಟೆಯನ್ನು ಬಿಸಿಲಿಗೆ ಹಾಕಿದರೆ ತಾನೇ ಪಟ್ಟನೆ ಸಿಡಿದು ಬೀಜ ಬಿಡುತ್ತದೆ. ಮೇಲೆ ಬಲೆ ಮುಚ್ಚದಿದ್ದರೆ ಬೀಜ ಅಂಗಳವೆಲ್ಲ. ಹೊನ್ನೆಯ ಬಿಲ್ಲೆಯಂಥ ಕಾಯಿಯ ಸುತ್ತಲಿನ ರೆಕ್ಕೆ ಕತ್ತರಿಸಿ 48 ಗಂಟೆ ನೆನೆಸಬೇಕು. ಹೆಬ್ಬೇವು ಮೊಂಡು, ಸೆಗಣಿ ಬಗ್ಗಡದಲ್ಲಿ ಕೆಲವು ದಿನ ಇಟ್ಟು ಬಿಸಿಲಿನ ಮಡಿಯಲ್ಲಿ ಒತ್ತಾಗಿ ಬಿತ್ತಿದರೂ ಕಾಲು ಭಾಗ ಬಂದರೆ ಹೆಚ್ಚು.

ಶ್ರೀಗಂಧ

ಹಣ್ಣು ವರ್ಷಕ್ಕೆರಡು ಸಲ, ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ. ಕಪ್ಪಾದದ್ದನ್ನೇ ಕೀಳಿ, ಹಕ್ಕಿಗಳು ಕಾಯುವುದಿಲ್ಲ. ಕಿವುಚಿ, ತೊಳೆದು, ತೇಲಿದ್ದನ್ನು ಎಸೆದು, ನೆರಳಿನಲ್ಲೇ ಒಣಗಿಸಿ. ಕೆ.ಜಿ.ಗೆ ಸುಮಾರು 6,000 ಬೀಜ. ಕಿತ್ತ ಮೇಲೆ ಎರಡು ತಿಂಗಳು ನಿದ್ದೆ, ಒಂಬತ್ತು ತಿಂಗಳಾಚೆ ಕುಸಿತ. ಬಿತ್ತುವ ಕಾಲ ಈ ನಡುವೆ ಬರಬೇಕು.

ಉಪಚಾರಕ್ಕೆ ಜಿಬ್ಬರೆಲಿಕ್ ಆಮ್ಲವೆಂಬ ಸಸ್ಯ ಹಾರ್ಮೋನು, 500 ಪಿಪಿಎಂ (ಲೀಟರಿಗೆ 500 ಮಿಲಿಗ್ರಾಂ). ಅರ್ಧ ಗ್ರಾಂ ಪುಡಿ ನೇರವಾಗಿ ನೀರಿಗೆ ಹಾಕಿದರೆ ಸರಿಯಾಗಿ ಕರಗದೆ ಉಳಿಯುತ್ತದೆ. ಮೊದಲು ಕೆಲವು ಮಿಲಿ ಆಲ್ಕೋಹಾಲಿನಲ್ಲಿ ಕರಗಿಸಿ, ಆಮೇಲೆ ಒಂದು ಲೀಟರ್ ನೀರಿಗೆ ಬೆರೆಸಿ. ಬೀಜ ಮುಳುಗುವಷ್ಟು ದ್ರಾವಣದಲ್ಲಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಬಸಿದು ಬಿತ್ತಿ. ಮೂರು ಪಾಲು ಮರಳು, ಒಂದು ಪಾಲು ಕೆಮ್ಮಣ್ಣಿನ ಏರುಮಡಿ, ಮೇಲೆ ಒಂದು ಸೆಂ.ಮೀ. ಮರಳು. ಗೊಬ್ಬರ ಹೆಚ್ಚಾದರೆ, ನೀರು ನಿಂತರೆ ಬುಡ ಕೊಳೆಯುತ್ತದೆ. ಇಲಿಗೆ ಈ ಬೀಜ ಬಲು ಇಷ್ಟ, ಸಣ್ಣ ಕಣ್ಣಿನ ತಂತಿ ಬಲೆ ಹಾಕದೆ ಬಿತ್ತಬೇಡಿ. ಮೊಳಕೆ ಒಂದು ತಿಂಗಳಿಗೆ ಶುರುವಾಗಿ ಎರಡು ಮೂರು ತಿಂಗಳು ಎಳೆಯುತ್ತದೆ. ನಾಲ್ಕಾರು ಎಲೆ ಬಂದಾಗ ಬೇರು ಮುರಿಯದಂತೆ ಚೀಲಕ್ಕೆ ದಾಟಿಸಿ, ಜೊತೆಗೆ ಒಂದು ತೊಗರಿ ಬೀಜ ಊರಿ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಚುಚ್ಚಿ ಆಹಾರ ಹೀರುವ ಮರವಿದು. ತೊಗರಿ ಎತ್ತರ ಬೆಳೆದು ಗಂಧಕ್ಕೆ ನೆರಳಾದರೆ ತುದಿ ಚಿವುಟುತ್ತಿರಿ.

ಬಿತ್ತಿದ ಮೇಲೆ

ಆಳ ಬೀಜದ ದಪ್ಪದ ಎರಡರಿಂದ ಮೂರು ಪಟ್ಟು, ಹೆಚ್ಚು ಬೇಡ. ಉಪಚಾರ ಮಾಡಿದ ಬೀಜವನ್ನು ಮತ್ತೆ ಒಣಗಿಸಿ ಡಬ್ಬಿಗೆ ಹಾಕಲು ಬರುವುದಿಲ್ಲ. ಎದ್ದ ಭ್ರೂಣಕ್ಕೆ ನೀರು ತಪ್ಪಿದರೆ ಮತ್ತೆ ಮಲಗುವುದಿಲ್ಲ, ಸಾಯುತ್ತದೆ. ಆದ್ದರಿಂದ ಮಡಿ, ಚೀಲ, ಮಣ್ಣು ಸಿದ್ಧವಾದ ಮೇಲೆಯೇ ನೀರು ಕಾಯಿಸಿ.

ತೇಗ ಮತ್ತು ಹೆಬ್ಬೇವಿನ ಮಡಿಯಲ್ಲಿ ಸಸಿ ಕಿತ್ತ ನಂತರ ಉಳಿದ ಮಣ್ಣನ್ನು ಅಗೆದು ಎಸೆಯಬೇಡಿ. ಕಳೆ ತೆಗೆದು, ಬೇಸಿಗೆಯ ಬಿಸಿಲು ತಿನ್ನಲು ಬಿಟ್ಟು, ಮೊದಲ ಮಳೆಗೆ ಮೇಲ್ಮಣ್ಣು ಸ್ವಲ್ಪ ಕೆದಕಿ. ಹೋದ ವರ್ಷ ಏಳದ ಕಾಯಿಗಳಲ್ಲಿ ಒಂದಿಷ್ಟು ಆಗ ಏಳುತ್ತವೆ.